ಇಬ್ಬರ ನಡಿಗೆಗೆ ಒಂದೇ ಊರು ಸಾಕು

ಮಕ್ಕಳು ಲಂಡನ್ನಿನಲ್ಲಿದ್ದಾರೆಂದು ಬೇಸಿಗೆಯಲ್ಲಿ ಅಲ್ಲಿಗೆ ಹೋಗುವ ಗಂಡ-ಹೆಂಡತಿಗೆ ಇಂಗ್ಲೆಂಡಿನ ಹಳ್ಳಿ ಕಾಣುವುದು ಹೆಚ್ಚಾಗಿ ಕೋಚ್ ಬಸ್ಸಿನ ಕಿಟಕಿಯಿಂದ. ಕಾಟ್ಸ್‌ವೋಲ್ಡ್ಸ್ ಗುಡ್ಡಸೀಮೆಯ ನಾಲ್ಕೈದು ಊರು, ಊರಿಗೆ ಮುಕ್ಕಾಲು ಗಂಟೆ, ಬೈಬರಿಯ ಕಲ್ಲುಮನೆಗಳ ಮುಂದೊಂದು ಫೋಟೊ, ಕತ್ತಲಾಗುವ ಮೊದಲೇ ವಾಪಸ್. ಈ ಅಂಕಣದ ಓದುಗರಿಗೆ ನನ್ನ ಸಲಹೆ ಬೇರೆ. ಮೂರು ದಿನ ಬಿಡುವು ಮಾಡಿಕೊಳ್ಳಿ, ಒಂದೇ ಊರಿನಲ್ಲಿ ಇಳಿದುಕೊಳ್ಳಿ, ಮಿಕ್ಕಿದ್ದನ್ನು ನಡೆದೇ ನೋಡಿ. ಆ ಊರು ಚಿಪ್ಪಿಂಗ್ ಕ್ಯಾಂಪ್ಡೆನ್. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಮೋರ್ಟನ್-ಇನ್-ಮಾರ್ಷ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ಬಸ್ಸು. ಭಾನುವಾರ ಮಾತ್ರ ಹಳ್ಳಿಯ ಬಸ್ಸನ್ನು ನಂಬಿ ಹೊರಡಬೇಡಿ.

ನಡಿಗೆಯ ರುಚಿ ಬಲ್ಲವರಿಗೆ ಇಂಗ್ಲೆಂಡ್ ಯಾಕೆ ಬೇಕು? ಅಲ್ಲಿ ಬೇರೆಯವರ ಹೊಲದ ನಡುವೆ ಹಾದುಹೋಗುವುದು ಯಾರ ದಾಕ್ಷಿಣ್ಯವೂ ಅಲ್ಲ, ಕಾನೂನು ಕೊಟ್ಟ ಹಕ್ಕು. ಯಾವ ದಾರಿ ಸಾರ್ವಜನಿಕರದು ಎಂದು ನಕಾಶೆಯಲ್ಲಿ ಗುರುತಿಸಿ ದಾಖಲಿಸುವಂತೆ 1949ರ ಕಾಯ್ದೆ ಕೌಂಟಿ ಆಡಳಿತಗಳಿಗೆ ಹೇಳಿತು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿಗಳ ಉದ್ದ ಸುಮಾರು 2,25,000 ಕಿಲೋಮೀಟರ್. ಗೋಧಿ ಹೊಲವನ್ನು ಅಡ್ಡ ಹಾಯುವ ಕಾಲುದಾರಿಯಾದರೆ ಬೆಳೆ ಎಷ್ಟೇ ಎತ್ತರ ನಿಂತಿರಲಿ, ಒಂದು ಮೀಟರ್ ಅಗಲವನ್ನು ರೈತ ಬಿಡಲೇಬೇಕು. ಬೇಲಿ ಬಂದಲ್ಲಿ ಮರದ ತಡಮೆ, ಕಂಬದ ಮೇಲೆ ಹಳದಿ ಬಾಣ. ಬಾಣ ನೀಲಿಯಾಗಿದ್ದರೆ ಆ ದಾರಿಯಲ್ಲಿ ಕುದುರೆ ಸವಾರರೂ ಬರುತ್ತಾರೆ.

ಈ ಬಾಣಗಳಿಗಿಂತ ನಂಬಿಕಸ್ಥ ವಸ್ತು ಕಾಗದದ ನಕಾಶೆ. ಆರ್ಡ್‌ನೆನ್ಸ್ ಸರ್ವೆಯ ಕಿತ್ತಳೆ ರಕ್ಷಾಪುಟದ ಎಕ್ಸ್‌ಪ್ಲೋರರ್ ಸರಣಿಯಲ್ಲಿ ಒಂದು ಕಿಲೋಮೀಟರ್ ಎಂದರೆ ನಾಲ್ಕು ಸೆಂಟಿಮೀಟರ್. ಕಾಲುದಾರಿ ಹಸಿರು ತುಂಡುಗೆರೆ. ಯಾವ ಹೊಲದ ಯಾವ ಮೂಲೆಯಲ್ಲಿ ದಾಟಬೇಕೆಂಬುದೂ ಅದರಲ್ಲಿ ತಿಳಿಯುತ್ತದೆ. ನಡಿಗೆಯ ಹೊತ್ತು ಅಂದಾಜು ಮಾಡಲು 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ. ನೇಸ್ಮಿತ್ ಗಟ್ಟಿ ಕಾಲಿನ ಪರ್ವತಾರೋಹಿ. ಅರವತ್ತು ದಾಟಿದ ದಂಪತಿ ಆ ಲೆಕ್ಕಕ್ಕೆ ಅರ್ಧ ಸೇರಿಸಿಕೊಳ್ಳಲಿ.

ಜೋಡಿ ನಡಿಗೆಗೆ ನನ್ನದೇ ಒಂದು ನಿಯಮವೂ ಇದೆ. ಇಬ್ಬರಲ್ಲಿ ನಿಧಾನ ನಡೆಯುವವರು ಮುಂದೆ ಇರಬೇಕು, ನಕಾಶೆಯೂ ಅವರ ಕೈಯಲ್ಲೇ ಇರಬೇಕು. ವೇಗಿಗಳು ಮುಂದೆ ಹೋಗಿ ತಡಮೆಯ ಮೇಲೆ ಕೂತು ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದು ಮುಟ್ಟಿದೊಡನೆ ಎದ್ದು ಹೊರಡುತ್ತಾರೆ. ಹೀಗಾಗಿ ವಿಶ್ರಾಂತಿ ಬೇಡದವರಿಗೇ ವಿಶ್ರಾಂತಿ. ಬಹಳಷ್ಟು ಜೋಡಿಗಳ ಪ್ರವಾಸ ಕೆಡುವುದು ಮಳೆಯಿಂದಲ್ಲ, ಇದರಿಂದ.

ಮೊದಲ ದಿನ ಕಾಟ್ಸ್‌ವೋಲ್ಡ್ ವೇ. 164 ಕಿಲೋಮೀಟರ್ ದೂರದ ಬಾತ್ ನಗರದವರೆಗೆ ಸಾಗುವ ಈ ರಾಷ್ಟ್ರೀಯ ದಾರಿಯ ಒಂದು ತುದಿ ಕ್ಯಾಂಪ್ಡೆನ್ನಿನ ಪೇಟೆ. ಪೇಟೆಯ ನಡುವೆ 1627ರಲ್ಲಿ ಕಟ್ಟಿದ ಕಲ್ಲಿನ ಸಂತೆಮಂಟಪ. ಇಡೀ ಊರು ಅದೇ ಸುಣ್ಣಕಲ್ಲಿನದು, ಜೇನುಬಣ್ಣದ್ದು. ಆ ಕಲ್ಲಿಗೆ ಹಣ ಬಂದದ್ದು ಕುರಿಯ ಉಣ್ಣೆಯಿಂದ. ಊರಿಗೆ ಮೀರಿದ ಗಾತ್ರದ ಚರ್ಚ್ ಆ ವ್ಯಾಪಾರಿಗಳ ಐಶ್ವರ್ಯಕ್ಕೆ ಸಾಕ್ಷಿ. ಒಂದು ಮೈಲಿ ಏರಿದರೆ ಡೋವರ್ಸ್ ಹಿಲ್, ಕೆಳಗೆ ಈವ್‌ಶಮ್ ಕಣಿವೆ. ರಾಬರ್ಟ್ ಡೋವರ್ 1612ರ ಸುಮಾರಿಗೆ ಇಲ್ಲಿ ಆರಂಭಿಸಿದ ಕ್ರೀಡೋತ್ಸವ ಈಗಲೂ ನಡೆಯುತ್ತದೆ. ಪರಸ್ಪರ ಮೊಣಕಾಲಿನ ಕೆಳಗೆ ಒದ್ದುಕೊಳ್ಳುವುದೂ ಅದರಲ್ಲೊಂದು ಪಂದ್ಯ! ಮುಂದೆ ಹುಲ್ಲುಗಾವಲಿನ ಏರುದಾರಿ, 312 ಮೀಟರ್ ಎತ್ತರದಲ್ಲಿ ಬ್ರಾಡ್‌ವೇ ಟವರ್. ಹದಿನೆಂಟನೇ ಶತಮಾನದ ಕೊನೆಯಲ್ಲಿ ನೋಟದ ಚೆಲುವಿಗಾಗಿಯೇ ಕಟ್ಟಿದ ಗೋಪುರವಿದು. ಕವಿ, ಕುಶಲಕರ್ಮಿ ವಿಲಿಯಂ ಮಾರಿಸ್ ಗೆಳೆಯರೊಂದಿಗೆ ರಜೆ ಕಳೆಯಲು ಇಲ್ಲಿಗೆ ಬರುತ್ತಿದ್ದ. ಅಲ್ಲಿಂದ ಬ್ರಾಡ್‌ವೇ ಹಳ್ಳಿಗೆ ಇಳಿದರೆ ಒಟ್ಟು ಹತ್ತು ಕಿಲೋಮೀಟರ್. ಹಳ್ಳಿಯ ಪಬ್ಬುಗಳಲ್ಲಿ ಮಧ್ಯಾಹ್ನ ಎರಡೂವರೆಯಾದರೆ ಅಡುಗೆಮನೆ ಮುಚ್ಚಿರಬಹುದು, ಬೇಗ ಹೋಗಿ. ಆರ್ಡರ್ ಕೊಡಲು ಕೌಂಟರಿನ ಬಳಿಗೆ ಎದ್ದು ಹೋಗಬೇಕು. ಸಸ್ಯಾಹಾರಿಗಳಿಗೆ ಬ್ರೆಡ್, ಚೀಸ್, ಉಪ್ಪಿನಕಾಯಿಯ ಪ್ಲೌಮನ್ಸ್ ಲಂಚ್, ಇಲ್ಲವೇ ಸಿಪ್ಪೆ ಸಮೇತ ಬೇಯಿಸಿದ ದಪ್ಪ ಆಲೂಗಡ್ಡೆ.

ಎರಡನೆಯ ದಿನ ಕಾಲಿಗೆ ಬಿಡುವು, ಬ್ರಾಡ್ ಕ್ಯಾಂಪ್ಡೆನ್ನಿಗೆ ಬರೀ ಒಂದು ಮೈಲಿ. ಯಾವ ಕೋಚ್ ಬಸ್ಸೂ ನಿಲ್ಲದ ಈ ಪುಟ್ಟ ಹಳ್ಳಿಯಲ್ಲಿ ನಮ್ಮ ಓದುಗರಿಗೆ ಬೇಕಾದ ಒಂದು ಮನೆಯಿದೆ, ನಾರ್ಮನ್ ಚಾಪೆಲ್. ಕುಶಲಕರ್ಮಿಗಳ ಸಂಘವನ್ನು 1902ರಲ್ಲಿ ಲಂಡನ್ನಿನಿಂದ ಕ್ಯಾಂಪ್ಡೆನ್ನಿಗೆ ಕರೆತಂದ ವಾಸ್ತುಶಿಲ್ಪಿ ಸಿ. ಆರ್. ಆಶ್‌ಬೀ, ಪಾಳುಬಿದ್ದ ಪ್ರಾರ್ಥನಾಮಂದಿರವೊಂದನ್ನು ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ಮತ್ತು ಎಥೆಲ್ ದಂಪತಿಗಾಗಿ ಮನೆಯಾಗಿ ಮಾರ್ಪಡಿಸಿದ. ಸಿಂಹಳದ ಮಧ್ಯಯುಗೀನ ಕಲೆಯ ಬಗ್ಗೆ ಕುಮಾರಸ್ವಾಮಿ ಬರೆದ ಮಹಾಗ್ರಂಥ 1908ರಲ್ಲಿ ಇಲ್ಲೇ ಅಚ್ಚಾಯಿತು. ಅದಕ್ಕೆ ಫೋಟೊ ತೆಗೆದವರು ಎಥೆಲ್. ಅಚ್ಚಿನ ಯಂತ್ರ ಮಾರಿಸ್‌ನ ಕೆಲ್ಮ್‌ಸ್ಕಾಟ್ ಮುದ್ರಣಾಲಯದ್ದು, ಅವನ ನಂತರ ಆಶ್‌ಬೀ ಕೈಗೆ ಬಂದದ್ದು. ಹಿಂದಿನ ದಿನ ಗೋಪುರದಲ್ಲಿ ಕೇಳಿದ ಹೆಸರು ಮರುದಿನ ಕುಮಾರಸ್ವಾಮಿಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಒಂದು ಸೀಮೆಯಲ್ಲಿ ಯಾವುದು ಯಾವುದಕ್ಕೆ ತಗುಲಿಕೊಂಡಿದೆ ಎಂಬುದು ಕಾಲಿಗೆ ಗೊತ್ತಾಗುವುದು ಹೀಗೆ. ಮನೆ ಖಾಸಗಿಯವರದು, ರಸ್ತೆಯಿಂದಲೇ ನೋಡಿ ಮುಂದೆ ಸಾಗಬೇಕು.

ಮೂರನೆಯ ದಿನ ಹಿಡ್‌ಕೋಟ್ ತೋಟ, ಹೊಲಗಳ ನಡುವೆ ಸುಮಾರು ಆರು ಕಿಲೋಮೀಟರ್. ದಾರಿಯಲ್ಲಿ ಕರು ಜೊತೆಗಿರುವ ಹಸುಗಳು ಕಂಡರೆ ಬಳಸಿಕೊಂಡು ಹೋಗಿ, ಅಲ್ಲಿನ ನಡಿಗೆಯಲ್ಲಿ ಮುಖ್ಯವಾಗಿ ಹೆದರಬೇಕಾದ ಪ್ರಾಣಿ ಅದೇ. ಲಾರೆನ್ಸ್ ಜಾನ್‌ಸ್ಟನ್ 1907ರಿಂದ ಬೆಳೆಸಿದ ಈ ತೋಟ 1948ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು. ಎತ್ತರದ ಹಸಿರುಬೇಲಿಗಳು ಇದನ್ನು ತೊಟ್ಟಿಮನೆಯ ಕೋಣೆಗಳಂತೆ ವಿಂಗಡಿಸಿವೆ, ಒಂದರಿಂದ ಇನ್ನೊಂದರೊಳಗೆ ಏನಿದೆ ಎಂದು ಕಾಣದು. ಎದುರಿಗೇ ಕಿಫ್ಟ್ಸ್‌ಗೇಟ್ ತೋಟ. ಅದನ್ನು ಮೂರು ತಲೆಮಾರಿನ ಹೆಣ್ಣುಮಕ್ಕಳು ಒಬ್ಬರಾದ ಮೇಲೊಬ್ಬರು ಬೆಳೆಸಿದ್ದಾರೆ. ಅಲ್ಲಿ ಮರಗಳ ಮೇಲೆ ಹಬ್ಬಿದ ಬಿಳಿ ಗುಲಾಬಿಯ ಬಳ್ಳಿ ತುಂಬ ದೊಡ್ಡದು. ಎರಡೂ ತೋಟಗಳ ಗುಲಾಬಿಗಾಗಿ ಜೂನ್ ಕೊನೆಗೆ ಹೋಗಿ. ಆಗ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ, ಆದ್ದರಿಂದ ಆತುರವಿಲ್ಲ. ಬೂಟುಗಳನ್ನು ಮಾತ್ರ ಲಂಡನ್ನಿಗೆ ಹೋಗಿ ಕೊಳ್ಳಬೇಡಿ. ಬೆಂಗಳೂರಿನಲ್ಲೇ ಕೊಂಡು ಎರಡು ವಾರ ಲಾಲ್‌ಬಾಗಿನಲ್ಲಿ ನಡೆದು ಪಳಗಿಸಿಕೊಳ್ಳಿ, ಇಬ್ಬರೂ.