ಅಣ್ಣಯ್ಯ ಬದಲಿಸಿದ ವಿಷಯ

ಅಕ್ಕನ ಮಗ ದಾವಣಗೆರೆಯಿಂದ ಪುಣೆಗೆ ಬಂದು ಇಂಜಿನಿಯರಿಂಗ್ ಸೇರಿ ಒಂದು ಸೆಮಿಸ್ಟರ್ ಮುಗಿದಿದೆ. ಹಾಸ್ಟೆಲ್, ಮೆಸ್ಸಿನ ಪೋಹೆ, ಮರಾಠಿ ಬೆರೆತ ಹಿಂದಿ ಎಲ್ಲಕ್ಕೂ ಒಗ್ಗಿಕೊಂಡಿದ್ದಾನೆ. ಒಗ್ಗದೆ ಉಳಿದದ್ದು ಓದಲು ಬಂದ ವಿಷಯ ಮಾತ್ರ. ಹೋದ ತಿಂಗಳು ಒಂದು ಭಾನುವಾರ ಊಟಕ್ಕೆ ಬಂದವನು, “ಮಾಮ, ನಾನು ಫೇಲ್ ಆಗಿಲ್ಲ. ಮಾರ್ಕ್ಸ್ ಚೆನ್ನಾಗೇ ಬಂದಿವೆ. ಆದ್ರೆ ಇದು ನಂಗೆ ಬೇಡ. ಹಿಸ್ಟರಿ ಓದ್ತೀನಿ” ಅಂದ. ಅಪ್ಪನಿಗೆ ಹೇಳಿದ್ದೀಯಾ ಎಂದು ಕೇಳಿದೆ. ತಲೆ ತಗ್ಗಿಸಿ ಅನ್ನ ಕಲೆಸತೊಡಗಿದ. ಅಮ್ಮನ ಹತ್ತಿರ ಸುಳಿವು ಬಿಟ್ಟಿದ್ದನೆಂದು ಕಾಣುತ್ತದೆ, ರಾತ್ರಿ ಅಕ್ಕನ ಫೋನ್ ಬಂತು: “ನೀನಾದ್ರೂ ಅವನಿಗೆ ಬುದ್ಧಿ ಹೇಳೋ.”

ಬುದ್ಧಿ ಹೇಳುವ ಮೊದಲು ನಾನು ಎ.ಕೆ. ರಾಮಾನುಜನ್ ಅವರ ‘ಅಣ್ಣಯ್ಯನ ಮಾನವಶಾಸ್ತ್ರ’ ಕತೆಯನ್ನು ಮತ್ತೆ ಓದಿದೆ. ಊರು ಬಿಟ್ಟು ಓದಲು ಹೋದವನ ಬಗ್ಗೆ ಕನ್ನಡದಲ್ಲಿ ಬಂದಿರುವ ಕತೆಗಳಲ್ಲಿ ನನ್ನನ್ನು ಇಷ್ಟು ಕಾಡಿದ್ದು ಇನ್ನೊಂದಿಲ್ಲ.

ಕತೆ ನಿಮಗೆ ಗೊತ್ತಿರಬಹುದು. ಮೈಸೂರಿನ ಅಣ್ಣಯ್ಯ ಅರ್ಥಶಾಸ್ತ್ರ ಓದಲು ಶಿಕಾಗೋಗೆ ಹೋಗುತ್ತಾನೆ. ಮೈಸೂರಿನಲ್ಲಿದ್ದಾಗ ಅವನ ಕಣ್ಣೆಲ್ಲ ಪಶ್ಚಿಮದ ಕಡೆಗೆ. ಶಿಕಾಗೋಗೆ ಹೋದಮೇಲೆ ಇಂಡಿಯಾದ ಕಡೆಗೆ. ಲೈಬ್ರರಿಯಲ್ಲಿ ಹಿಂದೂ ಆಚಾರ, ಸಂಸ್ಕಾರಗಳ ಬಗ್ಗೆ ಅಮೆರಿಕನ್ನರು ಬರೆದ ಪುಸ್ತಕಗಳನ್ನು ಹುಡುಕಿ ಹುಡುಕಿ ಓದುತ್ತಾನೆ. ಹೀಗೆ ಸಿಕ್ಕ ಫರ್ಗುಸನ್ ಎಂಬಾತನ ಪುಸ್ತಕದಲ್ಲಿ ಫೋಟೋಗಳಿವೆ. ತೆಗೆದುಕೊಟ್ಟವನು ಹುಣಸೂರಿನ ಸುಂದರರಾಯ, ಅಣ್ಣಯ್ಯನ ಸಂಬಂಧಿಯೇ. ಅವುಗಳಲ್ಲಿ ಅಣ್ಣಯ್ಯ ತನ್ನ ಅಪ್ಪನ ಶವಸಂಸ್ಕಾರವನ್ನೂ, ತಲೆ ಬೋಳಿಸಿಕೊಂಡ ತನ್ನ ಅಮ್ಮನನ್ನೂ ಕಾಣುತ್ತಾನೆ. ದೂರದಲ್ಲಿರುವ ಹುಡುಗ ನೊಂದುಕೊಳ್ಳುತ್ತಾನೆಂದು ಮನೆಯವರು ಸಾವಿನ ಸುದ್ದಿಯನ್ನೇ ತಿಳಿಸಿರಲಿಲ್ಲ.

ಇದನ್ನು ಸಾಮಾನ್ಯವಾಗಿ ವ್ಯಂಗ್ಯದ ಕತೆಯೆಂದು ಓದುತ್ತೇವೆ. ನಮ್ಮನ್ನು ನಾವು ಪರಕೀಯರ ಪುಸ್ತಕದಲ್ಲಿ ಹುಡುಕಿಕೊಂಡರೆ ಹೀಗಾಗುತ್ತದೆ ಎಂಬುದು ಅದರ ಪಾಠ ಅನ್ನುತ್ತೇವೆ. ಕಾಲೇಜಿನಲ್ಲಿ ಮೊದಲ ಸಲ ಓದಿದಾಗ ನನಗೂ ಹಾಗೇ ಅನ್ನಿಸಿತ್ತು. ಅರ್ಥಶಾಸ್ತ್ರ ಓದುವುದು ಬಿಟ್ಟು ಇಲ್ಲದ ಕಡೆ ಕೈಹಾಕಿದ, ಸುಟ್ಟುಕೊಂಡ.

ಈ ಸಲ ಹಾಗನ್ನಿಸಲಿಲ್ಲ. ಅಣ್ಣಯ್ಯ ಕಾಗದದ ಮೇಲೆ ಕೋರ್ಸ್ ಬದಲಿಸಿದವನಲ್ಲ. ಅವನ ಮನಸ್ಸು ಬದಲಿಸಿತ್ತು. ಹೊಸ ಊರಿಗೆ ಒಗ್ಗಲು ಅವನು ಹಿಡಿದ ದಾರಿ ಅದು. ಊರಿನಲ್ಲಿ ಸುಮ್ಮನೆ ನಡೆದುಹೋಗುತ್ತಿದ್ದ ಮಡಿ, ಮೈಲಿಗೆ, ಸೂತಕಗಳಿಗೆ ಅಲ್ಲಿ ಹೆಸರು, ಕ್ರಮ, ವಿವರಣೆ ಎಲ್ಲ ಸಿಗುತ್ತದೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು, ಊರಿನಲ್ಲಿದ್ದಾಗ ಮುಟ್ಟದ ಕನ್ನಡ ಪುಸ್ತಕಗಳನ್ನು ಈಗ ತರಿಸಿ ಓದುವ ನಮಗೆ ಈ ಹಸಿವು ಹೊಸದಲ್ಲ.

ಇನ್ನೊಂದು ಮಾತು. ಅಪ್ಪ ಸತ್ತ ನಿಜವನ್ನು ಅವನಿಗೆ ತಿಳಿಸಿದ್ದು ಯಾವುದು? ಮನೆಯ ಕಾಗದಗಳಲ್ಲ, ಅವನು ಓದಲು ಹೋಗಿದ್ದ ಅರ್ಥಶಾಸ್ತ್ರವೂ ಅಲ್ಲ. ದಾರಿ ತಪ್ಪಿ ಹೊಕ್ಕ ವಿಷಯವೇ ತಿಳಿಸಿತು. ಅಣ್ಣಯ್ಯನಿಗೆ ಆದ ಗಾಯ ವಿಷಯ ಬದಲಿಸಿದ್ದರಿಂದ ಆದದ್ದಲ್ಲ, ಮುಚ್ಚಿಟ್ಟದ್ದರಿಂದ ಆದದ್ದು. ಸಾವಿರ ಪುಸ್ತಕಗಳಲ್ಲಿ ತನ್ನ ಮನೆಯ ಫೋಟೋ ಇರುವ ಪುಸ್ತಕವೇ ಸಿಗುವುದು ತೀರಾ ಕಾಕತಾಳೀಯ ಎಂಬ ಆಕ್ಷೇಪಕ್ಕೂ ನನ್ನ ಉತ್ತರ ಇಲ್ಲೇ ಇದೆ. ತನ್ನವರ ಬಗ್ಗೆಯೇ ಇರುವ ಕಪಾಟಿನ ಮುಂದೆ ದಿನವೂ ನಿಲ್ಲುವವನಿಗೆ ಇವತ್ತಲ್ಲ ನಾಳೆ ತನ್ನ ಮನೆ ಎದುರಾಗಲೇಬೇಕು.

ಕತೆಗಾರನ ಬದುಕಿನಲ್ಲಿ ಇದೇ ಸಂಗತಿ ಬೇರೆ ರೀತಿ ನಡೆಯಿತು. ರಾಮಾನುಜನ್ ಮೈಸೂರಿನಲ್ಲಿ ಕಾಲೇಜು ಸೇರಿದ್ದು ವಿಜ್ಞಾನಕ್ಕೆ. ಅವರ ತಂದೆ ಗಣಿತದ ಪ್ರಾಧ್ಯಾಪಕರು. ಮಗನ ಬುದ್ಧಿ ಗಣಿತದ ಕಡೆಗಿಲ್ಲ ಎಂದು ಕಂಡುಕೊಂಡ ಆ ತಂದೆ ತಾವೇ ಅವರನ್ನು ಕಚೇರಿಗೆ ಕರೆದುಕೊಂಡು ಹೋಗಿ, ವಿಜ್ಞಾನದಿಂದ ಇಂಗ್ಲಿಷಿಗೆ ಬದಲಾಯಿಸಿದರು. ಮುಂದೆ ಬೆಳಗಾವಿ, ಬರೋಡಾಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ರಾಮಾನುಜನ್ ಮತ್ತೊಮ್ಮೆ ವಿಷಯ ಬದಲಿಸಿ, 1958ರಲ್ಲಿ ಭಾಷಾಶಾಸ್ತ್ರ ಕಲಿಯಲು ಬಂದದ್ದು ನಮ್ಮ ಪುಣೆಯ ಡೆಕ್ಕನ್ ಕಾಲೇಜಿಗೆ. ಆಗ ಅವರಿಗೆ ಹತ್ತಿರ ಹತ್ತಿರ 30 ವರ್ಷ. 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪಡೆದ ಪಿಎಚ್‌ಡಿ ಕೂಡ ಭಾಷಾಶಾಸ್ತ್ರದಲ್ಲೇ. ಯೆರವಡಾದಲ್ಲಿರುವ ಆ ಕಾಲೇಜಿನ ದಾರಿಯಲ್ಲೇ ನಾನು ದಿನಾ ಆಫೀಸಿಗೆ ಹೋಗುತ್ತೇನೆ. ಎರಡು ಸಲ ವಿಷಯ ಬದಲಿಸಿದವರೊಬ್ಬರು ವಚನಗಳನ್ನೂ ತಮಿಳಿನ ಸಂಗಂ ಕವಿತೆಗಳನ್ನೂ ಜಗತ್ತಿಗೆ ಓದಿಸಿದರು ಎಂಬುದು ಸಿಗ್ನಲ್‌ನಲ್ಲಿ ನಿಂತಾಗ ನೆನಪಾಗುತ್ತದೆ.

ಕತೆಯ ಬಗ್ಗೆ ನನಗೊಂದು ತಕರಾರಿದೆ. ಅದು ಆಘಾತದ ಹತ್ತಿರವೇ ನಿಂತುಬಿಡುತ್ತದೆ. ಮರುದಿನ ಅಣ್ಣಯ್ಯ ಏನು ಮಾಡಿದ? ಕ್ಲಾಸಿಗೆ ಹೋದನೇ? ಮನೆಗೆ ಕಾಗದ ಬರೆದನೇ, ಬರೆದರೆ ಏನೆಂದು? ಸಣ್ಣಕತೆಗೆ ಆ ನಿಲುಗಡೆ ಸರಿಯೇ ಇರಬಹುದು. ಆದರೆ ಮರುದಿನಗಳಲ್ಲೇ ಬದುಕುತ್ತಿರುವ ನನ್ನ ವಯಸ್ಸಿನ ಓದುಗನಿಗೆ ಅಷ್ಟು ಸಾಲದು. ಅಮ್ಮನಿಗಂತೂ ಕತೆಯಲ್ಲಿ ಫೋಟೋ ಇದೆ, ದನಿ ಇಲ್ಲ.

ನನ್ನ ಮರುದಿನವನ್ನೂ ಹೇಳಿಬಿಡುತ್ತೇನೆ. ನಾನು ಎಂಟೆಕ್ ಮಾಡಿದ್ದು ಸಿವಿಲ್‌ನಲ್ಲಿ. ಕ್ಯಾಂಪಸ್‌ಗೆ ಬಂದ ಕಂಪನಿಯೊಂದು ಮೂರು ತಿಂಗಳು ಪ್ರೋಗ್ರಾಮಿಂಗ್ ಕಲಿಸಿ ಕೆಲಸಕ್ಕೆ ಹಚ್ಚಿತು. ವಿಷಯ ಬದಲಿಸಿದ್ದು ನಾನಲ್ಲ, ಸಂಬಳ. ಅಪ್ಪ ಕೊನೆಯವರೆಗೂ ಬೀದಿಯವರ ಹತ್ತಿರ “ನಮ್ಮ ಹುಡುಗ ಸೇತುವೆ ಕಟ್ಟಿಸ್ತಾನೆ” ಎಂದೇ ಹೇಳುತ್ತಿದ್ದರು. ಅಲ್ಲ ಅಂತ ನಾನು ಹೇಳಲಿಲ್ಲ. ಅವರಿಗೆ ಬೇಸರವಾಗಬಾರದು ಅಂದುಕೊಂಡೆ. ಅಣ್ಣಯ್ಯನ ಮನೆಯವರು ಅಂದುಕೊಂಡದ್ದೂ ಅದನ್ನೇ.

ಈಗ ನಿಯಮಗಳು ಮೊದಲಿನಷ್ಟು ಬಿಗಿಯಾಗಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೋರ್ಸನ್ನು ನಡುವೆ ಬಿಡುವ, ಮತ್ತೆ ಸೇರುವ, ಗಳಿಸಿದ ಕ್ರೆಡಿಟ್ ಉಳಿಸಿಕೊಳ್ಳುವ ಮಾತಾಡುತ್ತದೆ. ಆದರೂ ಇಂಜಿನಿಯರಿಂಗ್‌ನಿಂದ ಬಿಎಗೆ ಹೋಗುವವನು ಬಹುಮಟ್ಟಿಗೆ ಮೊದಲಿನಿಂದಲೇ ಶುರುಮಾಡಬೇಕು. ಒಂದು ವರ್ಷ ಹೋಗುತ್ತದೆ, ಕಟ್ಟಿದ ಫೀಸು ಹೋಗುತ್ತದೆ. ಇದನ್ನು ಹುಡುಗನಿಗೆ ಮರೆಮಾಚದೆ ಹೇಳಿದೆ. ಕತೆಯನ್ನೂ ಓದಲು ಕೊಟ್ಟೆ. ವಾರ ಬಿಟ್ಟು ಬಂದವನು, “ಅವರು ಒಂದು ಕಾಗದ ಹಾಕಿದ್ರೆ ಮುಗೀತಿತ್ತಲ್ವಾ ಮಾಮ?” ಎಂದು ಕೇಳಿದ. ನಾನು ಇಷ್ಟು ಉದ್ದ ಬರೆದದ್ದನ್ನು ಅವನು ಒಂದೇ ಮಾತಿನಲ್ಲಿ ಹೇಳಿದ್ದ.

ಬರುವ ಶನಿವಾರ ರಾತ್ರಿ ಬಸ್ಸಿಗೆ ಇಬ್ಬರೂ ದಾವಣಗೆರೆಗೆ ಹೊರಟಿದ್ದೇವೆ. ಭಾವನ ಮುಂದೆ ಮಾತು ಅವನೇ ಆಡಬೇಕು. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಭಾವ ಒಪ್ಪುತ್ತಾರೋ ಇಲ್ಲವೋ, ಫೋಟೋ ನೋಡಿ ತಿಳಿಯುವ ಗತಿ ಅವರಿಗಂತೂ ಬರುವುದಿಲ್ಲ.