ಆಳನ್ನು ಕಟ್ಟುವ ಬಗೆ: ‘ಬ್ಯಾಟಲ್ ಬ್ರದರ್ಸ್’ ಎಂಬ ಆಟವನ್ನು ಕುರಿತು

ಸಾಹಿತ್ಯದ ವಾರ್ಷಿಕದಲ್ಲಿ ಕಂಪ್ಯೂಟರ್ ಆಟವೊಂದರ ವಿಮರ್ಶೆಯೇ ಎಂದು ಹುಬ್ಬೇರಿಸುವ ಹಿರಿಯರಲ್ಲಿ ಮೊದಲಿಗೇ ಕ್ಷಮೆ ಕೇಳುತ್ತೇನೆ. ನಾನು ವಿಮರ್ಶಕನಲ್ಲ. ಬಿ.ಎ. ಮುಗಿಸಿ ಪರೀಕ್ಷೆ ಬರೆದು ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು, ಇಪ್ಪತ್ತು ವರ್ಷ ದಾಟಿದರೂ ಅಲ್ಲೇ ಇದ್ದೇನೆ. ಪ್ಲಸ್ ಟು ಓದುವ ಮಗ ರಾತ್ರಿ ಹನ್ನೊಂದಾದರೂ ಕಂಪ್ಯೂಟರಿನ ಮುಂದಿನಿಂದ ಏಳುವುದಿಲ್ಲವೆಂದು ಗದರಿಸಲು ಹೋದವನು ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತೆ. ಈ ಲೇಖನದ ಹಿಂದಿನ ಕಥೆ ಅಷ್ಟೇ.

ಇಂಥ ಆಟಗಳನ್ನು ಆಡುವವರ ಬಾಯಲ್ಲಿ ‘ಬಿಲ್ಡ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಂದು ಪಾತ್ರಕ್ಕೆ ಯಾವ ಶಕ್ತಿ, ಯಾವ ವರಸೆ, ಯಾವ ಆಯುಧ ಎಂದು ತೀರ್ಮಾನಿಸಿ ಅದನ್ನು ಬೆಳೆಸುವ ಕ್ರಮವೇ ಬಿಲ್ಡ್. ನಮಗೆ ಈ ಮಾತು ಅಷ್ಟೇನೂ ಹೊಸದಲ್ಲ. ಯಕ್ಷಗಾನದಲ್ಲಿ ವೇಷ ಕಟ್ಟುತ್ತಾರೆ, ಭೂತ ಕಟ್ಟುತ್ತಾರೆ. ಚಂದ್ರಗಿರಿ ಹೊಳೆಯ ಆಚೆ ಹೋದರೆ ತೆಯ್ಯಕ್ಕೆ ಕೋಲಂ ಕೆಟ್ಟುತ್ತಾರೆ. ಮಲಯಾಳದ ‘ಕೆಟ್ಟು’ ನಮ್ಮ ‘ಕಟ್ಟು’. ಕನ್ನಡದ ಕಿವಿಗೆ ಮಾತ್ರ ಅದು ಹಾಳಾದದ್ದು ಎಂದು ಕೇಳಿಸುತ್ತದೆ. ಶಾಲೆಯಲ್ಲಿ ನಾವು ಇದನ್ನೇ ಹಿಡಿದು ನಕ್ಕದ್ದುಂಟು. ಈ ಆಟವನ್ನು ಒಂದು ಮಳೆಗಾಲವಿಡೀ ಆಡಿದ ಮೇಲೆ ಆ ಎರಡು ಅರ್ಥಗಳೂ ಅಷ್ಟೇನೂ ದೂರದವಲ್ಲ ಎಂದು ನನಗೆ ಅನ್ನಿಸತೊಡಗಿದೆ.

‘ಬ್ಯಾಟಲ್ ಬ್ರದರ್ಸ್’ ಪೂರ್ಣ ರೂಪದಲ್ಲಿ ಹೊರಬಂದದ್ದು 2017ರಲ್ಲಿ. ಜರ್ಮನಿಯ ಹ್ಯಾಂಬರ್ಗ್ ನಗರದ ಓವರ್‌ಹೈಪ್ ಸ್ಟುಡಿಯೋಸ್ ಎಂಬ ಚಿಕ್ಕ ತಂಡ ಇದನ್ನು ಮಾಡಿತು. ಮಧ್ಯಯುಗದ ಯುರೋಪಿನಂಥ ಒಂದು ಕಲ್ಪಿತ ನಾಡು. ಅಲ್ಲಿ ನೀವು ಕೂಲಿ ಸೈನಿಕರ ತಂಡವೊಂದರ ಯಜಮಾನ. ಊರೂರು ಅಲೆದು ಕರಾರು ಹಿಡಿಯಬೇಕು, ಆಳುಗಳಿಗೆ ದಿನಗೂಲಿ ಕೊಡಬೇಕು, ಊಟ ಹಾಕಬೇಕು. ಯುದ್ಧ ಬಂದಾಗ ಜೇನುಗೂಡಿನಂತೆ ಆರು ಮೂಲೆಯ ಮನೆಗಳಿರುವ ನೆಲದ ಮೇಲೆ, ಸಾಮಾನ್ಯವಾಗಿ ಹನ್ನೆರಡು ಮಂದಿಯನ್ನು ನಿಲ್ಲಿಸಿ ಚದುರಂಗದಂತೆ ಸರದಿ ಪ್ರಕಾರ ನಡೆಸಬೇಕು. ಸತ್ತವನು ಸತ್ತ, ಮತ್ತೆ ಬರುವುದಿಲ್ಲ. ಚಿತ್ರಗಳಲ್ಲಿ ಆಳುಗಳಿಗೆ ಕಾಲೇ ಇಲ್ಲ, ಸೊಂಟದ ಮೇಲಿನ ಗೊಂಬೆಗಳು ಮಾತ್ರ. ಮೊದಲ ದಿನ ನನಗೆ ನಗು ಬಂದಿತ್ತು. ಒಂದು ವಾರದಲ್ಲಿ ಕಾಲಿಲ್ಲದ್ದು ಕಣ್ಣಿಗೆ ಕಾಣದಂತಾಯಿತು.

ಆಳು ಹಿಡಿಯುವ ಪುಟವೇ ಈ ಆಟದ ನಿಜವಾದ ಮೊದಲ ಅಧ್ಯಾಯ. ರೈತ, ಭಿಕ್ಷುಕ, ಕಳ್ಳ, ಬೆಸ್ತ, ಗೋರಿ ತೋಡುವವನು, ಸನ್ಯಾಸಿ, ಮನೆ ಬಿಟ್ಟು ಹೊರಟ ಶ್ರೀಮಂತರ ಮಗ, ಯಾರಿಗೂ ಸೇರದೆ ಅಲೆಯುವ ದೈತ್ಯ ನೈಟ್. ಒಬ್ಬೊಬ್ಬನಿಗೂ ನಾಲ್ಕಾರು ಸಾಲಿನ ಪೂರ್ವಕಥೆ. ಕೆಳಗೆ ಕೊಳ್ಳುವ ಬೆಲೆ ಮತ್ತು ದಿನಗೂಲಿ. ಸ್ವಲ್ಪ ಹಣ ಕೊಟ್ಟು ಪರೀಕ್ಷಿಸಿದರೆ ಅವನು ಕುಡುಕನೋ ಗಟ್ಟಿಗನೋ ಎಂಬಂಥ ಸ್ವಭಾವ ತಿಳಿಯುತ್ತದೆ. ಯಾವ ಶಕ್ತಿಯಲ್ಲಿ ಅವನು ಬೇಗ ಬೆಳೆಯುತ್ತಾನೆ ಎಂಬುದನ್ನು ಸೂಚಿಸುವ ನಕ್ಷತ್ರಗಳು ಮಾತ್ರ ಹಣ ಕೊಟ್ಟು ಒಳಗೆ ಸೇರಿಸಿಕೊಂಡ ಮೇಲೆಯೇ ಕಾಣುವುದು. ಜಾತಕ ತೋರಿಸುವುದು ಮದುವೆ ಆದ ಮೇಲೆ! ಸಾಲದ ಅರ್ಜಿ ಹಿಡಿದು ಕೌಂಟರಿಗೆ ಬರುವವರನ್ನು ದಿನಾ ನೋಡುವ ನನಗೆ ಈ ಏರ್ಪಾಡು ಬಹಳ ಹಿಡಿಸಿತು. ಕಾಗದ ನೋಡುತ್ತೇವೆ, ಮುಖ ನೋಡುತ್ತೇವೆ. ಉಳಿದದ್ದು ಆಮೇಲೆ ತಿಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಆಳಿಗೆ ಎಂಟು ಶಕ್ತಿಗಳು: ಜೀವಬಲ, ದಮ್ಮು, ಎದೆಗಾರಿಕೆ, ಚುರುಕು, ಹತ್ತಿರದಿಂದ ಹೊಡೆಯುವ ಕೈಚಳಕ, ದೂರದ ಗುರಿ, ಹತ್ತಿರದ ಹೊಡೆತ ತಪ್ಪಿಸುವುದು, ಬಾಣ ತಪ್ಪಿಸುವುದು. ಒಂದು ಮಟ್ಟ ಏರಿದಾಗ ಈ ಎಂಟರಲ್ಲಿ ಮೂರನ್ನು ಮಾತ್ರ ಹೆಚ್ಚಿಸಬಹುದು. ಜೊತೆಗೆ ಒಂದು ವರಸೆ ಕಲಿಯಬಹುದು. ಹನ್ನೊಂದನೆಯ ಮಟ್ಟಕ್ಕೆ ಅವನ ಮುಖ್ಯ ಬೆಳವಣಿಗೆ ನಿಲ್ಲುತ್ತದೆ. ಅಂದರೆ ಹತ್ತು ಸಲದಲ್ಲಿ ಮೂವತ್ತು ಹೆಚ್ಚಳ, ಹತ್ತು ವರಸೆ. ಎಂಟನ್ನೂ ಪ್ರತಿ ಸಲ ಬೆಳೆಸಬೇಕಿದ್ದರೆ ಎಂಬತ್ತು ಬೇಕಿತ್ತು. ಐವತ್ತು ಸಲ ಇಲ್ಲ ಎನ್ನಲೇಬೇಕು. ಬಿಲ್ಡ್ ಎಂದರೆ ಹೆಚ್ಚಿನ ಮಟ್ಟಿಗೆ ಈ ಇಲ್ಲ ಎನ್ನುವ ಕೆಲಸ.

ನನಗೆ ಅದು ಬರಲಿಲ್ಲ. ಬಡವರ ಮನೆಯ ದೊಡ್ಡಮ್ಮ ಮೀನಿನ ಸಾರು ಬಡಿಸುವಂತೆ ಎಲ್ಲ ಬಟ್ಟಲಿಗೂ ಒಂದೊಂದು ಸೌಟು ಹಾಕುತ್ತಾ ಹೋದೆ. ಹೊಸ ಆಳಿನ ಕೈಚಳಕ ಐವತ್ತರ ಆಸುಪಾಸು ಇರುತ್ತದೆ. ಒಂದು ಸಲದ ಹೆಚ್ಚಳ ಸರಾಸರಿ ಎರಡು. ಪ್ರತಿ ಮಟ್ಟದಲ್ಲೂ ಹೆಚ್ಚಿಸಿದರೆ ಕೊನೆಗೆ ಎಪ್ಪತ್ತು, ನನ್ನಂತೆ ಮೂರು ಸಲ ಹೆಚ್ಚಿಸಿದರೆ ಐವತ್ತಾರು. ಹೊಡೆತ ತಗಲುವ ಸಾಧ್ಯತೆ ಎಂದರೆ ಮೂಲದಲ್ಲಿ ಹೊಡೆಯುವವನ ಕೈಚಳಕದಿಂದ ಎದುರಾಳಿಯ ತಪ್ಪಿಸುವ ಶಕ್ತಿಯನ್ನು ಕಳೆದದ್ದು. ಎದುರಾಳಿಯದು ಹತ್ತು ಎಂದರೆ ಒಬ್ಬನಿಗೆ ನೂರಕ್ಕೆ ಅರವತ್ತು, ಇನ್ನೊಬ್ಬನಿಗೆ ನಲವತ್ತಾರು. ಕಾಗದದ ಮೇಲೆ ಹದಿನಾಲ್ಕರ ವ್ಯತ್ಯಾಸ ಏನು ಮಹಾ ಎಂದುಕೊಂಡಿದ್ದೆ. ನನ್ನವರು ದರೋಡೆಕೋರರ ಗುಂಪೊಂದಕ್ಕೆ ಎದುರಾಗಿ ಗಾಳಿಗೆ ಕತ್ತಿ ಬೀಸುತ್ತಿದ್ದಾಗ ಗೊತ್ತಾಯಿತು. ಸುತ್ತುವರಿದ ಶತ್ರುಗಳಲ್ಲಿ ಮೊದಲನೆಯವನ ಮೇಲೆ ಹೆಚ್ಚಾದ ಒಬ್ಬೊಬ್ಬನಿಗೂ ಐದೈದು ಶೇಕಡಾ ಅನುಕೂಲ ಸಿಗುತ್ತದೆ. ತಪ್ಪಿಸಲೂ ಬಾರದ ಹೊಡೆಯಲೂ ಬಾರದ ನನ್ನ ಸಮಾನತಾವಾದಿ ಸೈನ್ಯ ಒಂದು ಸಂಜೆಯಲ್ಲಿ ಮುಗಿಯಿತು.

“ಒಬ್ಬನಿಗೆ ಮೂರೇ ಸಬ್ಜೆಕ್ಟ್ ಅಪ್ಪ. ನಾಲ್ಕನೆಯದಕ್ಕೆ ಆಸೆ ಪಡ್ಲಿಕ್ಕಿಲ್ಲ” ಎಂದ ಮಗ.

ಆಮೇಲೆ ಬರುವ ಪ್ರಶ್ನೆ ಕವಚದ್ದು. ಈ ಆಟದ ಅತ್ಯುತ್ತಮ ಕಲ್ಪನೆ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಕಬ್ಬಿಣ ಹೊತ್ತವನಿಗೆ ದಮ್ಮು ಕಡಿಮೆಯಾಗುತ್ತದೆ. ತಟ್ಟೆಗಳನ್ನು ಹೊಲಿದ ಭಾರೀ ಅಂಗಿ 320ರಷ್ಟು ಪೆಟ್ಟು ತಡೆಯುತ್ತದೆ, ಬದಲಿಗೆ 42 ದಮ್ಮು ಕಿತ್ತುಕೊಳ್ಳುತ್ತದೆ. ಮುಖ ಮುಚ್ಚುವ ಶಿರಸ್ತ್ರಾಣಕ್ಕೆ 300, ಬದಲಿಗೆ 20. ಹುಟ್ಟಿನಿಂದ ತೊಂಬತ್ತೈದು ದಮ್ಮು ಇರುವ ಸಾಧಾರಣ ಆಳಿಗೆ ಇವನ್ನು ತೊಡಿಸಿದರೆ ಉಳಿಯುವುದು ಮೂವತ್ಮೂರು. ಎರಡು ಕೈಯ ಕೊಡಲಿ ಬೀಸಲು ಸುಮಾರು ಹದಿನೈದು ಬೇಕು. ಸರದಿಗೊಮ್ಮೆ ಹದಿನೈದು ಮರಳಿ ಬಂದರೂ, ಕೆಸರಿನಲ್ಲಿ ನಾಲ್ಕು ಹೆಜ್ಜೆ ಇಟ್ಟು ಎರಡು ಸಲ ಬೀಸುವಷ್ಟರಲ್ಲಿ ನಿಮ್ಮ ಮಹಾವೀರ ಬಾಯಿ ಬಿಡುತ್ತಾ ನಿಂತಿರುತ್ತಾನೆ. ಆದ್ದರಿಂದ ಭಾರೀ ಕವಚ ತೊಡಬೇಕಾದವನಿಗೆ ಮೊದಲು ಬೇಕಾದದ್ದು ದಮ್ಮು. ಅದು ಯಾರಲ್ಲಿ ಇದೆ ಎಂದು ಹುಡುಕಿದರೆ, ಹೊಲದಲ್ಲಿ ದುಡಿದ ರೈತನ ಮುಂದೆ ನಿಲ್ಲುತ್ತೀರಿ. ದುಬಾರಿ ಕತ್ತಿವೀರ ಮುದುಕನಲ್ಲಿ ಕೈಚಳಕವಿದೆ, ಉಸಿರಿಲ್ಲ. ಈ ಲೆಕ್ಕದಲ್ಲಿ ಆಟದ ಲೋಕಜ್ಞಾನ ಕಾಣುತ್ತದೆ.

ಇದಕ್ಕೆ ತಕ್ಕಂತೆ ಎರಡು ದಾರಿಗಳು. ‘ಬ್ಯಾಟಲ್ ಫೋರ್ಜ್ಡ್’ ಎಂಬ ವರಸೆ ಕಲಿತವನ ಕವಚಕ್ಕೆ ಬೀಳುವ ಪೆಟ್ಟು, ಉಳಿದಿರುವ ಕವಚದ ಶೇಕಡಾ ಐದರ ಲೆಕ್ಕದಲ್ಲಿ ತಗ್ಗುತ್ತದೆ. ಮೇಲಿನ 620ರ ಜೋಡಿಗೆ ಮೂವತ್ತೊಂದು ಶೇಕಡಾ. ‘ನಿಂಬಲ್’ ಎಂಬುದನ್ನು ಕಲಿತವನು ಹಗುರ ಉಡುಪಿನಲ್ಲಿದ್ದರೆ ಮೈಗೆ ಬೀಳುವ ಪೆಟ್ಟು ಅರವತ್ತು ಶೇಕಡಾವರೆಗೆ ಕಡಿಮೆ, ಆದರೆ ಕವಚಗಳ ದಂಡ ಹದಿನೈದು ದಮ್ಮು ಮೀರಿದ ಕೂಡಲೇ ಆ ಅನುಕೂಲ ಬೇಗ ಬೇಗ ಕರಗುತ್ತದೆ. ಜೀವಬಲ ಹೆಚ್ಚಿದ್ದು ದಮ್ಮು ಸಾಧಾರಣವಾದವನಿಗೆ ಎರಡನೆಯದು, ದಮ್ಮು ಹೆಚ್ಚಿದ್ದವನಿಗೆ ಮೊದಲನೆಯದು. ನಡುವೆ ನಿಂತರೆ ಎರಡೂ ಇಲ್ಲ. ಬಣ್ಣದ ವೇಷಕ್ಕೆ ಆಳ್ತನವೂ ಕಂಠವೂ ಬೇಕು, ಪುಂಡುವೇಷಕ್ಕೆ ಕಾಲು ಬೇಕು. ಪಾತ್ರ ಯಾವುದೆಂದು ಮೈ ಹೇಳುತ್ತದೆ, ನಾವು ಹೇರಿದರೆ ಆಗುವುದಿಲ್ಲ. ಭಾಗವತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇಲ್ಲಿಯವರೆಗೆ ಮಗನೂ ನಾನೂ ಒಮ್ಮತ. ಭಿನ್ನಾಭಿಪ್ರಾಯ ಬಂದದ್ದು ಐತಪ್ಪನಿಂದ.

ಆಟದಲ್ಲಿ ಆಳುಗಳ ಹೆಸರು ಬದಲಿಸಬಹುದು. ಅಗ್ಗಕ್ಕೆ ಸಿಕ್ಕ ಒಬ್ಬ ರೈತನಿಗೆ ನಾನು ಐತಪ್ಪ ಎಂದು ಹೆಸರಿಟ್ಟೆ. ಒಳಗೆ ಸೇರಿಸಿಕೊಂಡು ನೋಡಿದರೆ ಕೈಚಳಕ ನಲವತ್ತೇಳು, ಅದರ ಮುಂದೆ ನಕ್ಷತ್ರವೇ ಇಲ್ಲ. ನಕ್ಷತ್ರ ಇದ್ದದ್ದು ಎದೆಗಾರಿಕೆಗೆ, ದಮ್ಮಿಗೆ, ಮತ್ತು ಬಾಣ ತಪ್ಪಿಸುವುದಕ್ಕೆ. “ತೆಗೆದು ಹಾಕಿ ಅಪ್ಪ, ಇವ ಆಗ್ಲಿಕ್ಕಿಲ್ಲ. ಬಾವುಟ ಹಿಡಿಯುವ ಕೆಲಸಕ್ಕೆ ಸನ್ಯಾಸಿ ಸಿಗ್ತಾನೆ, ಅವನಿಗೆ ಹುಟ್ಟಿನಿಂದಲೇ ಎದೆಗಾರಿಕೆ ಜಾಸ್ತಿ” ಎಂದ. ಲೆಕ್ಕ ಸರಿಯಾಗಿಯೇ ಇತ್ತು. ತೆಗೆದು ಹಾಕುವಾಗ ಪರಿಹಾರ ಕೊಟ್ಟು ಕಳಿಸುವ ಅವಕಾಶವೂ ಇದೆ, ಕೊಟ್ಟರೆ ಉಳಿದವರು ಬೇಸರಿಸುವುದಿಲ್ಲ. ನಮ್ಮ ಕಡೆ ಗ್ರಾಚ್ಯುಟಿ ಎನ್ನುತ್ತೇವೆ. ನಾನು ಕಳಿಸಲಿಲ್ಲ. ಎದೆಗಾರಿಕೆ, ದಮ್ಮು, ಹತ್ತಿರದ ಹೊಡೆತ ತಪ್ಪಿಸುವುದು: ಮೂರೇ ಸಬ್ಜೆಕ್ಟ್ ಕೊಟ್ಟು, ಬೆದರಿದವರನ್ನು ಕೂಗಿ ಹುರಿದುಂಬಿಸುವ ‘ರ‍್ಯಾಲಿ ದಿ ಟ್ರೂಪ್ಸ್’ ಎಂಬ ವರಸೆ ಕಲಿಸಿ, ತಂಡದ ಬಾವುಟ ಹಿಡಿಸಿ ಎರಡನೆಯ ಸಾಲಿನಲ್ಲಿ ನಿಲ್ಲಿಸಿದೆ. ಬಾವುಟ ಹಿಡಿದವನ ಧೈರ್ಯದಲ್ಲಿ ಒಂದು ಪಾಲು ಹತ್ತಿರ ನಿಂತವರಿಗೆ ಸೇರುತ್ತದೆ.

ಒಂದು ರಾತ್ರಿ ಸ್ಮಶಾನದ ಕರಾರು. ಗೈಸ್ಟ್ ಎಂಬ ಪ್ರೇತಗಳು ಕಿರುಚಿದರೆ ಆಳುಗಳ ಧೈರ್ಯ ಹಂತ ಹಂತವಾಗಿ ಕುಸಿದು ಕೊನೆಗೆ ಓಡತೊಡಗುತ್ತಾರೆ. ಓಡುವವನ ಬೆನ್ನಿಗೆ ಶತ್ರು ಹೊಡೆಯುತ್ತಾನೆ. ಮಗ ಹೊಟ್ಟೆ ಕಟ್ಟಿ ಬೆಳೆಸಿದ, ಎಲ್ಲ ಅಂಕಿಗಳೂ ಹೊಳೆಯುವ ಮೂವರು ಕೊಡಲಿಯವರು ಮೊದಲೇ ಬೆದರಿದರು. ಅವರ ಎದೆಗಾರಿಕೆಗೆ ಅವನು ಒಂದು ಸೌಟೂ ಹಾಕಿರಲಿಲ್ಲ. ಐತಪ್ಪ ಸರದಿ ಸರದಿಗೂ ಕೂಗುತ್ತಾ ಅವರನ್ನು ನಿಲ್ಲಿಸಿದ. ಹನ್ನೆರಡರಲ್ಲಿ ಹನ್ನೆರಡೂ ಮನೆಗೆ ಬಂದರು. ಮಗ ಏನೂ ಹೇಳಲಿಲ್ಲ, ಎದ್ದು ಹೋಗಿ ನೀರು ಕುಡಿದು ಬಂದ.

ಇನ್ನು ದೋಷಗಳು. ಪೂರ್ವಕಥೆ ಅಷ್ಟು ಚೆನ್ನಾಗಿ ಬರೆದ ಮೇಲೆ ಆಟ ಅದನ್ನು ಬಹುಮಟ್ಟಿಗೆ ಮರೆಯುತ್ತದೆ. ಗೋರಿ ತೋಡುವವನು, ಬೆಸ್ತ ಎಂಬ ಭೇದ ಆರಂಭದ ಅಂಕಿಗಳಲ್ಲಿ ಇದೆ, ದಾರಿಯಲ್ಲಿ ಎದುರಾಗುವ ಕೆಲವು ಪ್ರಸಂಗಗಳಲ್ಲಿ ಇದೆ. ಹನ್ನೊಂದನೆಯ ಮಟ್ಟ ತಲುಪುವಷ್ಟರಲ್ಲಿ ಇಬ್ಬರೂ ಒಂದೇ ಶಿರಸ್ತ್ರಾಣದ ಒಳಗೆ, ಒಂದೇ ಹತ್ತು ವರಸೆಗಳೊಂದಿಗೆ ನಿಂತಿರುತ್ತಾರೆ. ಕೊನೆಕೊನೆಗೆ ಬರುವ ಶತ್ರುಗಳು ಎಷ್ಟು ಕಠಿಣವೆಂದರೆ ಎರಡು ಮೂರು ಸಿದ್ಧ ಅಚ್ಚುಗಳ ಹೊರಗಿನ ಆಳಿಗೆ ಜಾಗ ಸಿಗುವುದು ಕಷ್ಟ. ನುರಿತ ಆಟಗಾರರು ಹೊಸಬನ ನಕ್ಷತ್ರ ನೋಡಿ ಅರ್ಧ ನಿಮಿಷದಲ್ಲಿ ಅವನನ್ನು ಹೊರಗೆ ಕಳಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ, ಆಟವೇ ಅವರಿಗೆ ಹಾಗೆ ಕಲಿಸಿದೆ.

‘ಸ್ಟೂಡೆಂಟ್’ ಎಂಬ ವರಸೆಯೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅದನ್ನು ಕಲಿತವನಿಗೆ ಅನುಭವ ಶೇಕಡಾ ಇಪ್ಪತ್ತು ಹೆಚ್ಚು ಸಿಗುತ್ತದೆ, ಹನ್ನೊಂದನೆಯ ಮಟ್ಟಕ್ಕೆ ಅದಕ್ಕೆ ಹಾಕಿದ ಅಂಕ ಮರಳಿ ಕೈಗೆ ಬರುತ್ತದೆ. ಬಡ್ಡಿ ಸಮೇತ ಅಸಲು! ಬದುಕಿ ಉಳಿದರೆ ಮಾತ್ರ. ಓದಿಗೆ ಹಾಕಿದ್ದು ಹೀಗೆ ಪೈಸೆ ಪೈಸೆ ತಿರುಗಿ ಬರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

2020ರಲ್ಲಿ ಬಂದ ‘ಬ್ಲೇಜಿಂಗ್ ಡೆಸರ್ಟ್ಸ್’ ಎಂಬ ಮುಂದುವರಿದ ಭಾಗದಲ್ಲಿ ಸಾಲಗಾರರೆಂಬ ಆಳುಗಳಿದ್ದಾರೆ. ಮನುಷ್ಯರನ್ನು ಹಿಡಿದು ತರುವ ತಂಡದ ಯಜಮಾನನಾಗಿ ಆಟ ಆರಂಭಿಸಿದರೆ ಈ ಸಾಲಗಾರರಿಗೆ ದಿನಗೂಲಿ ಇಲ್ಲ, ಏಳನೆಯ ಮಟ್ಟದ ಆಚೆ ಅವರು ಬೆಳೆಯುವುದೂ ಇಲ್ಲ. ಆರೇ ವರಸೆ. ಬಿಲ್ಡ್ ಯೋಚಿಸುವವನಿಗೆ ಇದೊಂದು ರುಚಿಯಾದ ಸಮಸ್ಯೆ: ಆರರಲ್ಲಿ ಅತಿ ಹೆಚ್ಚು ಕೆಲಸ ತೆಗೆಯುವುದು ಹೇಗೆ? ಮಗ ಒಂದು ಭಾನುವಾರ ಅದನ್ನು ಪುಸ್ತಕದಲ್ಲಿ ಬರೆದು ಬಿಡಿಸಿದ. ಬಹಳ ಜಾಣತನದ ಉತ್ತರವೇ. ಅದನ್ನು ನನಗೆ ತೋರಿಸುವಾಗ ಅವನ ಮುಖದಲ್ಲಿದ್ದ ಸಂತೋಷ ಕಂಡು ನನಗೆ ಸ್ವಲ್ಪ ಹೆದರಿಕೆಯಾಯಿತು. ಆಟದ ಉದ್ದೇಶವೂ ಅದೇ ಇದ್ದೀತು, ಅಥವಾ ಇಲ್ಲದಿರಬಹುದು. ವರ್ಗಾವಣೆಗೆ ಹೆದರಿ ಆಫೀಸರ್ ಪ್ರಮೋಷನ್ ಬೇಡವೆಂದು ಬರೆದುಕೊಟ್ಟವನು ನಾನು. ನನ್ನದೂ ಏಳನೆಯ ಮಟ್ಟ. ಮುಚ್ಚಳ ಹಾಕಿದ್ದು ನಾನೇ ಎಂಬುದಷ್ಟೇ ವ್ಯತ್ಯಾಸ. ಊರಲ್ಲೇ ಉಳಿದದ್ದರಿಂದ ಮಕ್ಕಳು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದರು. ಅದಕ್ಕೆ ಹಾಕಿದ ಅಂಕ ಮರಳಿ ಬರುತ್ತದೆಯೇ ಎಂದು ಮಗ ಒಮ್ಮೆ ಕೇಳಿದ್ದ, ಆಟದ ಮಾತಿನ ನಡುವೆ. ನಾನು ಆಗ ಅವನ ಸರದಿ ಬಂತೆಂದು ನೆನಪಿಸಿದೆ.

ಐತಪ್ಪ ಆಮೇಲೆ ಹೆಚ್ಚು ದಿನ ಬಾಳಲಿಲ್ಲ. ಆರ್ಕ್‌ಗಳ ಜೊತೆಗಿನ ಯುದ್ಧದಲ್ಲಿ ಮುಂದಿನ ಸಾಲು ಒಡೆದು ಒಂದು ಕೊಡಲಿ ಅವನವರೆಗೆ ಬಂತು. ಸತ್ತವರ ಪಟ್ಟಿಗೆ ಆಟದಲ್ಲಿ ಒಂದು ಪುಟವಿದೆ: ತಂಡದಲ್ಲಿ ಇದ್ದ ದಿನ, ಯುದ್ಧಗಳು, ಕೊಂದವರ ಸಂಖ್ಯೆ, ಸತ್ತ ಬಗೆ. ಐತಪ್ಪನ ಸಾಲಿನಲ್ಲಿ ಕೊಂದವರು ನಾಲ್ಕು. ಮೇಲೆ ಕೆಳಗೆ ಇರುವವರದ್ದು ಮೂವತ್ತು, ನಲವತ್ತು. ಅವನು ಕೂಗಿ ನಿಲ್ಲಿಸಿದವರ ಲೆಕ್ಕಕ್ಕೆ ಆ ಪುಟದಲ್ಲಿ ಕಾಲಂ ಇಲ್ಲ.

ಮಗ ಈಗ ಬಾವುಟಕ್ಕೆ ಒಬ್ಬ ಸನ್ಯಾಸಿಯನ್ನು ಹಿಡಿದಿದ್ದಾನೆ. ಎದೆಗಾರಿಕೆಗೆ ಮೂರು ನಕ್ಷತ್ರ. ಹೆಸರು ಮಾತ್ರ ಐತಪ್ಪ ಎಂದೇ ಇಟ್ಟಿದ್ದಾನೆ, ನನ್ನನ್ನು ಕೇಳದೆ.