ಬೀದಿಯ ಗೋಡೆಯ ಚಿತ್ರಕಲೆ

ಕಾವ್ಯನಾಟಕಗಳನ್ನು ವಿಮರ್ಶಿಸುವ ಪತ್ರಿಕೆಯಲ್ಲಿ ಸಿನೆಮಾದ ಭಿತ್ತಿಪತ್ರಗಳ ಮಾತೇಕೆ ಎಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಬೇಲೂರು ಹಳೇಬೀಡುಗಳ ಶಿಲ್ಪವನ್ನು ಕಂಡು ಬೆಳೆದ ಹಾಸನ ಸೀಮೆಯವರಿಗೆ, ಕಾಫಿ ಹೋಟೆಲಿನ ಗೋಡೆಗೆ ಅಂಟಿನಿಂದ ಮೆತ್ತಿದ ಕಾಗದವು ಕಲೆಯೆಂದು ತೋರದಿರುವುದು ಸಹಜವೇ ಸರಿ. ಆದರೆ ಹಳೇಕೋಟೆಯಂತಹ ಹೋಬಳಿಯ ಊರುಗಳಲ್ಲಿ ಬಹುಜನರು ಸಿನೆಮಾವನ್ನು ನೋಡುವುದಕ್ಕೆ ಮೊದಲು ನೋಡುತ್ತಿದ್ದುದು ಅದರ ಭಿತ್ತಿಪತ್ರವನ್ನು. ಹೊಳೆನರಸೀಪುರಕ್ಕೋ ಹಾಸನಕ್ಕೋ ಹೋಗಲು ಕಾಸಿಲ್ಲದವರಿಗೆ ಅದೇ ಸಿನೆಮಾವೂ ಆಗಿದ್ದಿತು. ಇಷ್ಟು ಜನರ ಕಣ್ಣನ್ನು ಇಷ್ಟು ಕಾಲ ಆಳಿದ ಚಿತ್ರವನ್ನು ವಿಚಾರಿಸದೆ ಬಿಡುವುದು ವಿಮರ್ಶೆಗೆ ಭೂಷಣವಲ್ಲ.

ಇವುಗಳ ಮೇಲಣ ಆಕ್ಷೇಪಗಳು ಮೂರು. ಇವು ವ್ಯಾಪಾರಕ್ಕಾಗಿ ಬರೆದವು; ಛಾಯಾಚಿತ್ರವನ್ನು ನೋಡಿ ಬರೆದವು; ಕತ್ತಿ ಕೋವಿಗಳನ್ನು ತೋರಿಸಿ ಎಳೆಯರ ಬುದ್ಧಿಯನ್ನು ಕೆಡಿಸುವವು.

ಮೊದಲನೆಯದು ನಿಲ್ಲತಕ್ಕ ಮಾತಲ್ಲ. ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದು ಮಾರಿದ ಲಕ್ಷ್ಮೀ ಸರಸ್ವತಿಯರ ಪಟಗಳಿಗೆ ಎಷ್ಟೋ ಮನೆಗಳಲ್ಲಿ ಇಂದಿಗೂ ಕುಂಕುಮವಿಡುತ್ತಾರೆ. ಅಂಗಡಿಯಿಂದ ಬಂದುವೆಂದು ಯಾರೂ ತೆಗೆದಿಟ್ಟಿಲ್ಲ. ಸಿನೆಮಾದ ಚಿತ್ರಪತ್ರಗಳೂ ಅದೇ ವಂಶದವು. ಕೊಲ್ಲಾಪುರದ ಬಾಬೂರಾವ್ ಪೇಂಟರ್ ಅವರು ಮೊದಲು ನಾಟಕದ ಪರದೆಗಳನ್ನು ಬರೆಯುತ್ತಿದ್ದವರು; ಅವರ ‘ಕಲ್ಯಾಣ ಖಜಿನಾ’ದ 1924ರ ಭಿತ್ತಿಪತ್ರವನ್ನು ಈ ದೇಶದಲ್ಲಿ ಉಳಿದುಬಂದಿರುವ ಅತಿ ಹಳೆಯವುಗಳಲ್ಲಿ ಎಣಿಸುತ್ತಾರೆ.

ಎರಡನೆಯ ಆಕ್ಷೇಪಕ್ಕೆ ಉತ್ತರವು ಕೆಲಸದ ಕ್ರಮದಲ್ಲಿಯೇ ಇದೆ. ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು, ಅದಕ್ಕೆ ಬಿಳಿಯ ಬಣ್ಣವನ್ನು ಬಳಿದು, ಅಂಗೈಯಗಲದ ಛಾಯಾಚಿತ್ರದ ಮೇಲೆ ಚೌಕದ ಗೆರೆಗಳನ್ನೆಳೆದು, ಅಷ್ಟೇ ಚೌಕಗಳನ್ನು ಬಟ್ಟೆಯ ಮೇಲೂ ಎಳೆದು ಆಕೃತಿಯನ್ನು ಹಿಗ್ಗಿಸುತ್ತಿದ್ದರು. ಇಲ್ಲಿಯವರೆಗೆ ಅನುಕರಣವೆಂಬುದು ನಿಜ. ಆದರೆ ಬಹುಕಾಲ ಆ ಛಾಯಾಚಿತ್ರಕ್ಕೆ ಕಪ್ಪುಬಿಳುಪಲ್ಲದೆ ಬೇರೆ ಬಣ್ಣವೇ ಇರಲಿಲ್ಲ. ಕೆನ್ನೆಯ ಏರಿಗೆ ಕೆಂಪು, ಕೊರಳ ನೆರಳಿಗೆ ಹಸುರು, ಕೂದಲಿನ ಅಂಚಿಗೆ ನೀಲಿ, ಇವೆಲ್ಲ ಬರೆಯುವವನ ಸ್ವಂತ ಕಲ್ಪನೆ. ಯಶೋಧರನು ಕಾಮಸೂತ್ರದ ವ್ಯಾಖ್ಯಾನದಲ್ಲಿ ಹೇಳುವ ಚಿತ್ರದ ಆರು ಅಂಗಗಳು ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ ಎಂಬಿವು. ಇವುಗಳಲ್ಲಿ ಪ್ರಮಾಣವನ್ನೂ ಸಾದೃಶ್ಯವನ್ನೂ ಛಾಯಾಚಿತ್ರವು ಕೊಟ್ಟೀತು. ವರ್ಣಿಕಾಭಂಗವನ್ನು ಅದು ಕೊಡಲಾರದು. ಭಾವವನ್ನಂತೂ ಐವತ್ತು ಗಜ ದೂರದಿಂದ, ಓಡುವ ಬಸ್ಸಿನೊಳಗಿಂದ ಕಾಣುವಂತೆ ಮಾಡುವುದು ಬರೆಯುವವನ ಶಕ್ತಿಯೇ.

ಅಮೆರಿಕದ ಪಶ್ಚಿಮ ಸೀಮೆಯ ಕುದುರೆ ಸವಾರರ ಚಿತ್ರಗಳನ್ನು ಈ ಅಳತೆಗೋಲಿನಿಂದ ನೋಡಬಹುದು. ರೆನಾಲ್ಡ್ ಬ್ರೌನ್ ಎಂಬಾತನು ‘ದಿ ಆಲಮೊ’ (1960) ಚಿತ್ರಕ್ಕೆ ಬರೆದ ಕಾಳಗದಲ್ಲಿ ರೂಪಭೇದವು ಅದ್ಭುತವಾಗಿದೆ. ಆದರೆ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಭಾವವು ಚದರುತ್ತದೆ. ಇಟಲಿಯಲ್ಲಿ 1935ರಲ್ಲಿ ಹುಟ್ಟಿದ ರೆನಾಟೊ ಕಸಾರೊ ‘ಮೈ ನೇಮ್ ಈಸ್ ನೋಬಡಿ’ (1973) ಮೊದಲಾದವುಗಳಿಗೆ ಬರೆದನು. ಅದು ವೀರದ ವೇಷ ತೊಟ್ಟ ಹಾಸ್ಯದ ಕಥೆ. ಎರಡು ರಸಗಳನ್ನು ಒಂದೇ ಹಾಳೆಯಲ್ಲಿ ನಿಲ್ಲಿಸುವುದು ಸುಲಭಸಾಧ್ಯವಲ್ಲ. ಅಮೆರಿಕದ ಹಾಳೆಯ ಅಳತೆ ಆ ಕಾಲದಲ್ಲಿ 27 ಅಂಗುಲಕ್ಕೆ 41 ಅಂಗುಲವಿದ್ದಿತು. ಇಟಲಿಯಲ್ಲಿ 140 ಸೆಂಟಿಮೀಟರಿಗೆ 200ರ ದೊಡ್ಡ ಹಾಳೆಯೂ ಉಂಟು. ಹಾಳೆ ಹಿಗ್ಗಿದಷ್ಟೂ ಬರೆಯುವವನ ಕೈಯ ದೋಷವೂ ಹಿಗ್ಗುವುದೆಂಬುದನ್ನು ಮರೆಯಲಾಗದು.

ಆ ಟೊಪ್ಪಿಗೆ, ಆ ಕುದುರೆ, ಆ ಪಿಸ್ತೂಲು ಬೇಗನೆ ದಕ್ಷಿಣದೇಶಕ್ಕೂ ಬಂದುವು. ತೆಲುಗಿನಲ್ಲಿ ‘ಮೋಸಗಾಳ್ಳಕು ಮೋಸಗಾಡು’ (1971), ಕನ್ನಡದಲ್ಲಿ ದ್ವಾರಕೀಶರ ‘ಕೌಬಾಯ್ ಕುಳ್ಳ’ (1973) ಬಂದುವು. 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯ ಬಹುಭಾಗವನ್ನು ತೆಗೆದದ್ದು ಕನ್ನಡನಾಡಿನ ರಾಮನಗರದ ಬಂಡೆಗಳ ನಡುವೆ. ವೇಷವನ್ನು ಎರವಲು ತಂದುದು ದೋಷವಲ್ಲ. ಕಥೆಗಳೂ ದೇಶದಿಂದ ದೇಶಕ್ಕೆ ಹೋಗುತ್ತಲೇ ಇರುವುವು. ದೋಷವಿರುವುದು ಬೇರೆಡೆ. ಆ ಬಂಡೆಗಳ ಹಳೆಯ ಕಲ್ಲಿಗೆ ಭೂವಿಜ್ಞಾನಿಗಳು ರಾಮನಗರದ ಹಿಂದಿನ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟು ಎಂದು ಕರೆದಿರುವರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಕಥೆಯಲ್ಲಿ ಊರು ‘ರಾಮಗಢ’ವಾಯಿತು. ಪ್ರಕಟನಪತ್ರಗಳಲ್ಲಿ ಎದ್ದುಕಾಣುವುದೋ ನಟರ ರೂಪಗಳೇ, ಬೆಟ್ಟವಲ್ಲ. ತಮ್ಮ ನೆಲವೇ ನಾಡಿನ ಗೋಡೆಗಳನ್ನೆಲ್ಲ ಏರಿದುದನ್ನು ಕನ್ನಡಿಗರು ಆ ಕಾಗದದಿಂದ ಅರಿಯುವಂತಿರಲಿಲ್ಲ. ಓದುಬಾರದವರಿಗೆ ನಟನ ಮುಖವೇ ಅಕ್ಷರ, ಆದುದರಿಂದ ಮುಖಕ್ಕೆ ಪ್ರಾಧಾನ್ಯವೆಂಬ ಸಮಾಧಾನವುಂಟು. ಅದು ವ್ಯಾಪಾರಕ್ಕೆ ಸಮಾಧಾನ, ಔಚಿತ್ಯಕ್ಕಲ್ಲ.

ಮೂರನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆಯೆಂದು ಒಪ್ಪಬೇಕು. ಕಥೆಯಲ್ಲಿ ಇಲ್ಲದ ರಕ್ತವನ್ನು ಭಿತ್ತಿಪತ್ರದಲ್ಲಿ ಹರಿಸಿದವರೂ, ನಟಿಯ ಉಡುಪನ್ನು ಕುಂಚದಿಂದಲೇ ಕಿರಿದುಗೊಳಿಸಿದವರೂ ಇದ್ದರು. ಕೈಯಿಂದ ಬರೆದುದೆಂಬ ಒಂದೇ ಕಾರಣಕ್ಕೆ ಇಂದು ಅಂಥವನ್ನೂ ಹೊಗಳುವುದು ವಿಮರ್ಶೆಯಲ್ಲ, ಮಮಕಾರ. ಆದರೆ ಕೆಟ್ಟ ಕಾವ್ಯವಿದೆಯೆಂದು ಕಾವ್ಯವನ್ನೇ ತ್ಯಜಿಸಿದವರಿಲ್ಲ.

ಈಗ ಈ ಕಲೆಯ ಸ್ಥಿತಿಯೇನು? ಯಂತ್ರದಲ್ಲಿ ಅಚ್ಚಾಗುವ ಫ್ಲೆಕ್ಸು ಬಂದ ಮೇಲೆ ಕುಂಚ ಹಿಡಿದವರಿಗೆ ಕೆಲಸ ತಪ್ಪಿತು. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಚಿತ್ರಮಂದಿರಗಳ ಮುಂದೆ ಮಾಳಿಗೆಯೆತ್ತರಕ್ಕೆ ನಿಂತು ಹಾಲಿನ ಅಭಿಷೇಕವನ್ನು ಪಡೆದ ರಾಜಕುಮಾರರ ಆಕೃತಿಗಳನ್ನು ಬರೆದ ಕೈಗಳು ಯಾರವೆಂದು ಕೇಳಿದರೆ ಹೇಳಬಲ್ಲವರು ವಿರಳ. ಚಿತ್ರವು ಊರು ಬಿಟ್ಟೊಡನೆ ಅದೇ ಬಟ್ಟೆಗೆ ಮತ್ತೆ ಬಿಳಿಯ ಬಣ್ಣ ಬಳಿದು ಮುಂದಿನ ಚಿತ್ರವನ್ನು ಬರೆಯುತ್ತಿದ್ದರು. ಹೀಗೆ ಒಂದೊಂದು ಬಟ್ಟೆಯೊಳಗೂ ಹತ್ತಾರು ಚಿತ್ರಗಳು ಹೂತುಹೋಗಿವೆ. ಹೊಯ್ಸಳರ ಕಾಲದ ಎಷ್ಟೋ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರನ್ನು ಕೊರೆದರು. ಆದ ಕಾರಣ ಮಲ್ಲಿತಮ್ಮನ ಹೆಸರು ಇಂದಿಗೂ ತಿಳಿದಿದೆ. ಎಂಟು ಶತಮಾನಗಳ ಹಿಂದಿನವನ ಹೆಸರು ಉಳಿದು, ನಲವತ್ತು ವರ್ಷಗಳ ಹಿಂದಿನವನ ಹೆಸರು ಅಳಿದುದು ವಿಷಾದಕರ.

ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಭಿತ್ತಿಪತ್ರಗಳನ್ನೂ ಕೂಡಿಡುತ್ತ ಬಂದಿದೆ. ಆದರೆ ಹಳ್ಳಿಯ ಅಟ್ಟದ ಮೇಲಿನ ಸುರುಳಿ ತಾನಾಗಿ ಅಲ್ಲಿಗೆ ಹೋಗದು. ಅಂತಹುದು ಮನೆಯಲ್ಲಿದ್ದರೆ ಗೂಡಿನ ಹಲಗೆಗೆ ಹಾಸದೆ, ಅದರ ಬೆನ್ನಿಗೆ ಊರು, ವರ್ಷ, ತಿಳಿದಲ್ಲಿ ಬರೆದವನ ಹೆಸರು ಇಷ್ಟನ್ನು ಬರೆದಿಡುವುದು ಸಹೃದಯರ ಕರ್ತವ್ಯ. ಗುಣದೋಷಗಳ ವಿಚಾರವನ್ನು ಮುಂದಿನವರೂ ಮಾಡಿಯಾರು. ವಿಚಾರಿಸಲು ವಸ್ತುವಾದರೂ ಉಳಿದಿರಬೇಕಷ್ಟೆ.